ಎರಡೇ ಗ್ಲಾಸಿನ ಪಲ್ಟನ್

ಕುವೈತಿನ ರಾಯ್ ಎಂಬಲ್ಲಿರುವ ನನ್ನ ಅಂಗಡಿಯಲ್ಲಿ ಹೋಟೆಲಿನವರಿಗೆ ಬೇಕಾದ ಪಾತ್ರೆ, ತಟ್ಟೆ, ಗ್ಲಾಸು ಸಿಗುತ್ತವೆ. ವ್ಯಾಪಾರ ಎಲ್ಲ ಪೆಟ್ಟಿಗೆ ಲೆಕ್ಕದಲ್ಲಿ. ಅಂಥಲ್ಲಿಗೆ ನೊರ್ಬರ್ಟರು ಬಂದು, "ಕಾಲಿರುವ ಗ್ಲಾಸು ಎರಡೇ ಎರಡು ಸಾಕು ಬಾವಾಕ" ಎಂದಾಗ, ಇವರಿಗೆ ಬೇಕಾದದ್ದು ಗ್ಲಾಸಲ್ಲ, ಮಾತಿಗೊಬ್ಬ ಮನುಷ್ಯ ಎಂದು ತಿಳಿಯಿತು. ಪೆಟ್ಟಿಗೆ ಒಡೆದು ಕೊಟ್ಟೆ. ಬದಲಿಗೆ ಒಂದು ಪಲ್ಟನ್ನಿನ ಇಡೀ ಚರಿತ್ರೆ ನನ್ನ ತಲೆಗೆ ಬಿತ್ತು.

ನೊರ್ಬರ್ಟರು ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ಎಕ್ಸ್‌ರೇ ತೆಗೆಯುವವರು. ವಾಸ ಫರ್ವಾನಿಯಾದಲ್ಲಿ. ಹೆಂಡತಿ ಸೂಸನ್ ನರ್ಸು. ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿ ಮಗ ಶೇನ್‌ನನ್ನು ಕರೆದುಕೊಂಡು ಹೋದರು. ನೊರ್ಬರ್ಟರ ಸರ್ಟಿಫಿಕೇಟಿಗೆ ಅಲ್ಲಿ ಕಿಮ್ಮತ್ತಿಲ್ಲ. ಹಗಲೆಲ್ಲ ಊರವರ ಎಲುಬು ನೋಡುವ ಮನುಷ್ಯ, ಮನೆಗೆ ಬಂದು ಗೋಡೆ ನೋಡುತ್ತಾರೆ.

ಗೋಡೆಯ ಮೇಲೆ ಅವರ ಮುತ್ತಜ್ಜ ಇದ್ದ ಪಲ್ಟನ್ನಿನ ಫೋಟೋ. ಅದನ್ನು ತಮ್ಮ ಫೋನಿನಲ್ಲಿ ನನಗೂ ತೋರಿಸಿದರು. ಬ್ರಿಟಿಷರು ಮದ್ರಾಸಿನ ಕಡೆ ಕಟ್ಟಿದ ಕಾಲಾಳುಗಳ ಪಡೆ. ಬರ್ಮಾಕ್ಕೆ ಹೋಯಿತು, ಚೀನಾಕ್ಕೆ ಹೋಯಿತು, ಮೊದಲ ಮಹಾಯುದ್ಧದಲ್ಲಿ ಇದೇ ಕುವೈತಿನ ಸಮುದ್ರದ ಮೇಲೆ ಬಸ್ರಾಕ್ಕೆ ಹೋಯಿತು. ಲೈಸೆನ್ಸಿಗಾಗಿ ನಾವು ಬೋರ್ಡು ಬದಲಿಸುವ ಹಾಗೆ ದೊರೆಗಳು ಅದರ ನಂಬರು ಬದಲಿಸುತ್ತಲೇ ಇದ್ದರು. ಯುದ್ಧ ಗೆದ್ದ ಮೇಲೆ, ಖರ್ಚು ಜಾಸ್ತಿಯೆಂದು ಪಲ್ಟನ್ನನ್ನೇ ಬರ್ಖಾಸ್ತು ಮಾಡಿದರು. ಖಲಾಸ್. ಮುಚ್ಚಿ ನೂರು ವರ್ಷವಾದ ಆ ಕಂಪನಿಗೆ ಈಗಲೂ ಒಬ್ಬ ನೌಕರನಿದ್ದಾನೆ, ಫರ್ವಾನಿಯಾದಲ್ಲಿ.

"ನಿಮ್ಮ ಮುತ್ತಜ್ಜ ಇದ್ರಲ್ಲಿ ಯಾವ ಕುರ್ಚಿಯಲ್ಲಿದ್ದಾರೆ?" ಎಂದು ಕೇಳಿದೆ.

"ಕುರ್ಚಿ ಎಂತದ್ದು ಮಾರಾಯ್ರೆ! ಕುರ್ಚಿಯ ಹಿಂದೆ ನಿಂತದ್ದು. ಮೆಸ್ಸಲ್ಲಿ ಬಡಿಸುವವರು ಅವ್ರು."

ಬಡಿಸುತ್ತ ಕಂಡ ಒಂದು ಪದ್ಧತಿಯನ್ನು ಮುತ್ತಜ್ಜ ಮನೆಗೆ ತಂದಿದ್ದರು. ವರ್ಷಕ್ಕೊಮ್ಮೆ, ಪಲ್ಟನ್ನಿನ ದಿನ, ಮೇಜಿನ ಹಿರಿಯ ಗ್ಲಾಸೆತ್ತಿ "ಪಲ್ಟನ್ನಿಗೆ" ಎನ್ನಬೇಕು. ಎಲ್ಲರಿಗಿಂತ ಕಿರಿಯನು "ಬಾರದವರಿಗೆ" ಎಂದು ಉತ್ತರ ಕೊಡಬೇಕು. ಉತ್ತರ ಬರುವ ತನಕ ಯಾರೂ ಗುಟುಕು ಇಳಿಸುವಂತಿಲ್ಲ. ಮಾತು ಬಂದಾಗಿನಿಂದ ಆ ಉತ್ತರ ಶೇನ್‌ನದ್ದು. ಅವನು ಹೋದ ಮೇಲೆ ಅಪ್ಪನ ಗ್ಲಾಸು ತುಂಬಿದ ಹಾಗೇ ಉಳಿಯುತ್ತಿತ್ತಂತೆ.

"ಈ ಸಲ ಫೋನಲ್ಲಿ ಬರ್ತಾನೆ, ಹೇಳಿದ್ದಾನೆ. ನೀವೂ ಬನ್ನಿ. ಮೇಜಿನಲ್ಲಿ ಜನ ಕಾಣ್ಬೇಕಲ್ಲ."

"ಕೋರಿ ರೊಟ್ಟಿ ಉಂಟಾ?"

"ಉಂಟು."

"ಹಾಗಾದ್ರೆ ನಾನೂ ಪಲ್ಟನ್ನಿಗೆ ಸೇರ್ದೆ."

ಶನಿವಾರ ಮಧ್ಯಾಹ್ನ ಹೋದೆ. ಇಸ್ತ್ರಿ ಹಾಕಿದ ಮೇಜುಬಟ್ಟೆ, ದಾಳಿಂಬೆ ಜ್ಯೂಸು, ಜಗ್ಗಿಗೆ ಒರಗಿಸಿದ ಫೋನು. ಶೇನ್ ಕಾಣಿಸಿಕೊಂಡ, ಫುಟ್ಬಾಲ್ ಜೆರ್ಸಿಯಲ್ಲಿ.

"ಸಾರಿ ಡ್ಯಾಡಾ, ಮ್ಯಾಚ್ ಸ್ಟಾರ್ಟಿಂಗ್. ನೆಕ್ಸ್ಟ್ ಇಯರ್, ಪ್ರಾಮಿಸ್!"

"ಒಂದೇ ಶಬ್ದ ಮಗಾ..." ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

ನೊರ್ಬರ್ಟರು ಫೋನನ್ನು ಅಲ್ಲಿಂದ ತೆಗೆಯಲಿಲ್ಲ. ಕೋಳಿಸಾರಿನಲ್ಲಿ ಗರಿಗರಿ ರೊಟ್ಟಿ ಮೆತ್ತಗಾಯಿತು. ಕೊನೆಗೆ, "ನೀವೇ ಹೇಳಿ ಬಾವಾಕ, ಬಾರದವರಿಗೆ ಅಂತ" ಎಂದರು.

ಹೇಳಿಬಿಡಬಹುದಿತ್ತು. ಆದರೆ ಕಾನೂನು ಕಲಿಸಿದವರು ಅವರೇ. "ನಾನು ನಿಮಗಿಂತ ದೊಡ್ಡವ. ಕಿರಿಯ ನೀವಲ್ವಾ ಮಾರಾಯ್ರೆ?"

ಅವರು ಬಾಯಿ ತೆರೆದು, ಯೋಚಿಸಿ, ನಕ್ಕರು. ಇಷ್ಟು ವರ್ಷವೂ ಆ ಮೇಜಿಗೆ ಹಿರಿಯರಾಗಿಯೇ ಕೂತವರು.

ನಾನು ಎದ್ದು ಗ್ಲಾಸೆತ್ತಿದೆ. "ಪಲ್ಟನ್ನಿಗೆ."

ಅವರೂ ಎದ್ದರು. ಯಾಕೋ ಕುರ್ಚಿಯನ್ನು ಒಳಗೆ ತಳ್ಳಿ, ಅದರ ಹಿಂದೆ ಹೋಗಿ ನಿಂತರು. ಕಪ್ಪು ಪರದೆಯನ್ನೊಮ್ಮೆ ನೋಡಿದರು.

"ಬಾರದವರಿಗೆ."

ಜ್ಯೂಸು ಬೆಚ್ಚಗಾಗಿತ್ತು. ಇಬ್ಬರೂ ಪೂರ್ತಿ ಕುಡಿದೆವು.