ರವದಿಯಲ್ಲಿ ಕುಳಿತ ಹುಡುಗಿ

ಹತ್ತು ವರ್ಷಕ್ಕೂ ಹಿಂದಿನ ಮಾತು. ದಿಗ್ಗೇವಾಡಿ ಕಡೆಯ ಒಂದು ಶಾಲೆಯಲ್ಲಿ ನಾನು ಆರನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಹವಾಮಾನ ಬದಲಾವಣೆಯ ಪಾಠದಲ್ಲಿ ಹಿಮ ಕರಗುವ ಚಿತ್ರವಿತ್ತು. ಹಿಮ ಕಾಣದ ಮಕ್ಕಳಿಗೆ ಅದೇನು ಹೇಳಲಿ? ಕಿಟಕಿಯಾಚೆಯ ಕಬ್ಬಿನ ಹೊಲ ತೋರಿಸಿದೆ.

ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಅದನ್ನು ಸುಟ್ಟರೇನೇ ನಮ್ಮವರಿಗೆ ಸಮಾಧಾನ. ಆ ಹೊಗೆ ಗಾಳಿಗೆ ಏನು ಮಾಡುತ್ತದೆ, ಅದೇ ರವದಿಯನ್ನು ಸಾಲಿನ ನಡುವೆ ಹರಡಿದರೆ ಮಣ್ಣು ಹೇಗೆ ತಂಪಾಗಿರುತ್ತದೆ ಎಂದೆಲ್ಲ ವಿವರಿಸಿದೆ. ಕೊನೆಗೆ ಹುರುಪು ತಡೆಯಲಾರದೆ, "ಮನ್ಯಾಗ ಹಠಾ ಹಿಡೀರಿ, ಸುಡಾಕ ಬಿಡಬ್ಯಾಡ್ರಿ" ಎಂದುಬಿಟ್ಟೆ. ಊರಿಗೆ ಬುದ್ಧಿ ಹೇಳುವ ನನ್ನ ಮನೆಯಲ್ಲಿ ಹದಿನೈದು ದಿನದ ಹಿಂದಷ್ಟೇ ಮಾವನವರು ರವದಿ ಸುಟ್ಟಿದ್ದರು. ನಾನು ಚಕಾರ ಎತ್ತಿರಲಿಲ್ಲ.

ಮರುದಿನ ಮೊದಲ ಸಾಲಿನ ಹುಡುಗಿಯೊಬ್ಬಳು ಬಂದಿರಲಿಲ್ಲ. ಹಾಜರಿ ಕರೆಯುವಾಗ ಅವಳ ಗೆಳತಿ ಎದ್ದು ನಿಂತಳು.

"ಅಕ್ಕೋರ, ಆಕಿ ಹೊಲಕ್ಕ ಹೋಗ್ಯಾಳ್ರಿ. ರವದ್ಯಾಗ ಕುಂಡ್ರತೀನಿ, ಅಪ್ಪ ಹೆಂಗ ಸುಡ್ತಾನ ನೋಡ್ತೀನಿ ಅಂದಾಳ್ರಿ."

ಕಿಟಕಿಯತ್ತ ತಿರುಗಿದೆ. ಅವರ ಹೊಲದ ದಿಕ್ಕಿನಲ್ಲಿ ಹೊಗೆ ಏಳುತ್ತಿತ್ತು.

ಓಡುವಾಗ ಚಪ್ಪಲಿ ಎಲ್ಲಿ ಬಿದ್ದವೋ ನೆನಪಿಲ್ಲ. ನಾನು ತಲುಪಿದಾಗ ಅವಳ ಅಪ್ಪ ಬದುವಿನ ಮೇಲೆ ಹಸಿ ಟೊಂಗೆ ಹಿಡಿದು ನಿಂತಿದ್ದ. ಆಚೆಯ ಅಂಚಿನಿಂದ ಬೆಂಕಿ ಚಟಚಟ ಎನ್ನುತ್ತ ಬರುತ್ತಿತ್ತು.

"ನಿಮ್ಮ ಮಗಳು ಒಳಗ ಅದಾಳ್ರೀ!"

"ಸಾಲಿಗೆ ಹೋಗ್ಯಾಳಲ್ರೀ ಅಕ್ಕೋರ?"

ನಾನು ಬೊಟ್ಟು ಮಾಡಿದೆ. ಬದುವಿನ ಜಾಲಿ ಗಿಡದಲ್ಲಿ ಅವಳ ಪಾಟಿಚೀಲ ತೂಗುತ್ತಿತ್ತು. ಅವನು ಟೊಂಗೆ ಬಿಸಾಕಿ ಹೊಗೆಯೊಳಗೆ ನುಗ್ಗಿದ. ನಾನೂ ಹಿಂದೆ ಓಡಿದೆ. ಕಣ್ಣು ಬಿಡಲಾಗುತ್ತಿರಲಿಲ್ಲ. ಮಗುವಿಗೆ ಏನಾದರೂ ಆದರೆ ಅದು ನನ್ನ ಬಾಯಿಯಿಂದಲೇ ಆದದ್ದು ಎಂಬ ಒಂದೇ ಭಯ ತಲೆಯಲ್ಲಿತ್ತು. ನೀರು ಒಣಗಿದ ಕಾಲುವೆಯಲ್ಲಿ ಕೆಮ್ಮು ಕೇಳಿಸಿತು. ಮೊಣಕಾಲಿಗೆ ಮುಖ ಒತ್ತಿ ಕುಳಿತಿದ್ದಳು. ಹೊಗೆಯಲ್ಲಿ ಅವಳಿಗೆ ಹೊರಬರುವ ದಿಕ್ಕೇ ತಿಳಿದಿರಲಿಲ್ಲ. ಅವಳನ್ನು ಅಪ್ಪ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಬೆಂಕಿ ಆ ಕಾಲುವೆಯನ್ನು ದಾಟಿತು.

ಬದುವಿನ ಮೇಲೆ ಅವಳನ್ನು ಇಳಿಸಿ ಹೊಡೆಯಲು ಕೈ ಎತ್ತಿದ. ಎತ್ತಿದ ಕೈಯಿಂದಲೇ ಅವಳ ಕೂದಲಿನ ಬೂದಿ ಕೊಡವಿದ. ಆಮೇಲೆ ನನ್ನತ್ತ ತಿರುಗಿದ.

"ರವದಿ ಹಂಗ ಬಿಟ್ರ ಮತ್ತ ಚಿಗಿಯೋ ಕುಳಿ ಕಬ್ಬಿಗೆ ನೀರ ಹೆಂಗ ಹಾಸಲಿ ಅಕ್ಕೋರ? ನಿಮ್ಮ ಹೊಲದಾಗ ಏನ ಮಾಡೀರಿ?"

ಸುಳ್ಳು ಹೇಳಬಹುದಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸುಟ್ಟೀವ್ರಿ" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹುಡುಗಿ ಕೆಮ್ಮುತ್ತಲೇ ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ, ತಿಳಿಯಬೇಕೆಂದೇ ಕೇಳಿದಳು.

"ನೀವು ಹೊಲದಾಗ ಕುಂಡರಲಿಲ್ಲೇನ್ರಿ ಅಕ್ಕೋರ?"