ಕಪ್ಪಿನ ಸುತ್ತಲಿನ ಒಳ್ಳೆಯ ಚರ್ಮ

"ಚೆನ್ನಾಗಿರೋ ಚರ್ಮನ ಯಾವ ಡಾಕ್ಟ್ರೂ ಕುಯ್ಯಲ್ಲ, ಅದು ಆಗೋ ಮಾತಲ್ಲ" ಎಂದು ತೀರ್ಪು ಕೊಟ್ಟವನು ನನ್ನ ಚಿಕ್ಕಪ್ಪ ಶಿವನಂಜ. ಇವತ್ತು ಬೆಳಿಗ್ಗೆ ಮಗನ ಬೂಟಿಗೆ ಪಾಲಿಶ್ ಹಚ್ಚುವಾಗ ಆ ವಾಸನೆಗೆ ಅವನೇ ನೆನಪಾದ. ಮಲ್ಲಿಗೆ ಮೂಸಿದಾಗ ನೆನಪಾಗುವ ಯೋಗ್ಯತೆ ಅವನಿಗಿರಲಿಲ್ಲ, ಬಿಡಿ.

ಬಿಡದಿ ಕಡೆ ಕಾರ್ಖಾನೆಗಳು ಎದ್ದ ಕಾಲ. ಚಿಕ್ಕಪ್ಪ ಅವುಗಳ ಗೇಟಿಗೆ ಕಾವಲುಗಾರರನ್ನು ಒದಗಿಸುವ ದೊಡ್ಡ ಮನುಷ್ಯನಾದ. ಅಕ್ಕೂರಿನಲ್ಲಿ ರೇಷ್ಮೆಹುಳು ಮೇಯಿಸುತ್ತಿದ್ದ ಅಪ್ಪನಿಗೂ ಬೂಟು ತೊಡಿಸಿ ನಿಲ್ಲಿಸಿದ. ಅಪ್ಪನ ಹಿಮ್ಮಡಿಯಡಿ ಕಪ್ಪು ಕಲೆ ಹರಡತೊಡಗಿದಾಗ ಬೂಟಿನ ಬಣ್ಣ ಇಳಿದಿದೆಯೆಂದು ವರ್ಷವಿಡೀ ಇಟ್ಟಿಗೆ ಚೂರಿನಲ್ಲಿ ಉಜ್ಜಿದೆವು. ಉಜ್ಜಿದವಳು ನಾನೇ, ನರ್ಸಿಂಗ್ ಮುಗಿಸಿದ್ದ, ಮನೆತನದ ಮೊದಲ ಪದವೀಧರೆ!

ಕಲೆ ಒಡೆದು ರಕ್ತ ಬಂದಾಗ ಆಸ್ಪತ್ರೆಗೆ ಎಳೆದೊಯ್ದೆ. ಚೂರು ತೆಗೆದು ಪರೀಕ್ಷಿಸಿದರು: ಮೆಲನೋಮ, ಚರ್ಮದ ಕ್ಯಾನ್ಸರ್. ಕಪ್ಪಿನ ಸುತ್ತ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದು, ಅಲ್ಲಿಗೆ ತೊಡೆಯ ಚರ್ಮ ಹೊಲಿಯಬೇಕು ಎಂದರು ಸರ್ಜನ್.

ಚಿಕ್ಕಪ್ಪ ಕೆರಳಿದ. "ಒಸಿ ಕಪ್ಪಿಗೆ ಹಿಮ್ಮಡೀನೇ ಕಿತ್ತಾಕ್ತಾರಂತೆ! ಚನ್ನಪಟ್ಣದಲ್ಲಿ ನಮ್ಮ ಕಾಂಪೌಂಡರ್ ಅವ್ನೆ, ಕಪ್ಪಷ್ಟೇ ಕೆರೆದಾಕ್ತಾನೆ. ಸೋಮವಾರ ಡ್ಯೂಟಿಗೆ ಬತ್ತೀಯ ಕಣಣ್ಣ."

ಅಪ್ಪ ತಲೆಯಾಡಿಸಿದ. ಜೀವಕ್ಕಿಂತ ಗೇಟು ಹೆಚ್ಚಾಯಿತು.

ಕಲಿತದ್ದನ್ನೆಲ್ಲ ಒದರಿದೆ. ಯಾರಿಗೂ ನಾಟಲಿಲ್ಲ. ಕೊನೆಗೆ ಸಿಟ್ಟಿನಲ್ಲಿ, "ಅಪ್ಪಾ, ರೇಷ್ಮೆ ಮೇಯಿಸೋ ತಟ್ಟೇಲಿ ಒಂದು ಹುಳ ಕೊಳೆತ್ರೆ ಅದೊಂದನ್ನೇ ತೆಗೀತಿದ್ಯಾ?" ಎಂದೆ.

"ಥೂ, ಅದೆಂಗಾಯ್ತದೆ? ಅಕ್ಕಪಕ್ಕದ ಹುಳ, ಕೆಳಗಿನ ಸೊಪ್ಪು, ಎಲ್ಲಾ ಒಂದು ಬೊಗಸೆ ಎತ್ತಾಕ್ಬೇಕು. ನೋಡಕ್ಕೆ ಚೆನ್ನಾಗವೆ ಅಂತ ಬುಟ್ರೆ ತಟ್ಟೇನೇ ಹೋಯ್ತದೆ..."

ಅಪ್ಪ ಕಾಲು ಮಡಚಿ ಹಿಮ್ಮಡಿ ನೋಡಿಕೊಂಡ. "ಲೇ ನಂಜ, ಡ್ಯೂಟಿಗೆ ಬೇರೆಯೋನ ನೋಡ್ಕೊ ಕಣ್ಲಾ."

ಕೊಯ್ದು ತೆಗೆದ ಚರ್ಮದ ಅಂಚಿನಲ್ಲೆಲ್ಲೂ ರೋಗವಿಲ್ಲವೆಂದು ವರದಿ ಬಂತು. ಆ ಕಾಗದ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತೆ. ನರ್ಸುಗಳು ಅಳಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು.

ತಿಂಗಳುಗಳ ನಂತರ, ಕುಳಿತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಸರ್ಜನ್ ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಟ್ಟರು. ಆಸ್ಪತ್ರೆ ಕಡೆ ತಲೆಹಾಕದ ಚಿಕ್ಕಪ್ಪ ಅದನ್ನು ಕಾರ್ಖಾನೆಗೆ ಒಯ್ಯಲು ಮಾತ್ರ ಮನೆಗೆ ಬಂದ. ಅವನ ಕೈಗೇ ಕೊಟ್ಟೆ. ಇಂಗ್ಲಿಷ್ ಬರುವವನಂತೆ ಎರಡು ಸಲ ಕಣ್ಣಾಡಿಸಿ ಮಡಿಸಿ ಜೇಬಿಗಿಟ್ಟ. ಅಪ್ಪ ಕುಂಟುತ್ತ ಒಳಗೆ ಹೋಗುವವರೆಗೂ ಕಾದು, ಚಪ್ಪಲಿ ಬಿಚ್ಚಿ ಪಾದವನ್ನು ನನ್ನ ಮುಂದೆ ಚಾಚಿದ.

"ಒಸಿ ನೋಡವ್ವ ಈ ಕಪ್ಪನ್ನ. ನಿಮ್ಮಪ್ಪಂಗೆ ಮಾತ್ರ ಹೇಳ್ಬ್ಯಾಡ."