ಚೆಕಿಂಗಮ್ಮ ದ್ವೀಪಕ್ಕೆ ಹೋದದ್ದು

"ನೀವೂ ಬನ್ನಿ ಅತ್ತೆ" ಎಂದು ಅಳಿಯ ಫೋನಿನಲ್ಲಿ ಕರೆದಾಗ ಚೆಕಿಂಗಮ್ಮ ಒಲೆಯ ಮೇಲಿನ ಹಾಲಿಳಿಸಿ, ಕುರ್ಚಿ ಎಳೆದುಕೊಂಡು ಕೂತಳು. ಮದುವೆಯಾದಾಗಿನಿಂದ ಆ ಮನುಷ್ಯ ಆಕೆಯನ್ನು ಎಲ್ಲಿಗೂ ಕರೆದವನಲ್ಲ. ಕೆಟ್ಟವನೆಂದಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡು, ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸುವುದರಲ್ಲೇ ಮುಳುಗಿದವನು, ಮಾತಿಗೆ ಬಡವ. ಅಂಥವನು ಸಮುದ್ರ, ದ್ವೀಪ, ಒಂದು ವಾರ ಎಂದೆಲ್ಲ ಬಾಯಲ್ಲಿ ಜೇನು ಸುರಿಸುತ್ತಿದ್ದಾನೆ ಎಂದರೆ ಒಳಗೇನೋ ಇದೆ.

"ಯೋಚನೆ ಮಾಡಿ ಹೇಳ್ತೀನಿ" ಎಂದಳು. ಯೋಚಿಸಿದ್ದು ಹೋಗುವುದೋ ಬಿಡುವುದೋ ಎಂದಲ್ಲ, ಯಾಕೆ ಕರೆದ ಎಂದು.

ಚೆಕಿಂಗಮ್ಮ ಎಂಬುದು ಡಿಪೋದವರು ಇಟ್ಟ ಹೆಸರು. ಕಂಡಕ್ಟರಾಗಿ ಸೇರಿ, ಮುಂದೆ ಬಡ್ತಿ ಸಿಕ್ಕು, ನಡುದಾರಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತುವ ಚೆಕಿಂಗ್ ಕೆಲಸಕ್ಕೆ ಬಂದವಳು. ಟಿಕೆಟ್ ಕೇಳುವ ಮೊದಲು ಮುಖ ನೋಡುತ್ತಿದ್ದಳು. ಜೇಬು, ಚೀಲ ಎಲ್ಲ ತಡಕಾಡಿ ಬೆವರುವವನ ಹತ್ತಿರ ಟಿಕೆಟ್ ಇದ್ದೇ ಇರುತ್ತದೆ. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ನಗುತ್ತಾ ಸರಿದು ಜಾಗ ಕೊಡುವವನ ಹತ್ತಿರ ಇರುವುದಿಲ್ಲ. ಅತಿ ವಿನಯ ಧೂರ್ತ ಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂಬುದು ಆಕೆಯ ಅನುಭವ. ನಿವೃತ್ತಿಯಾದ ಮೇಲೂ ಆ ಕಣ್ಣಿಗೆ ರಜೆ ಸಿಗಲಿಲ್ಲ. ಬೀದಿಯ ತರಕಾರಿಯವಳು ಆಕೆಗೆ ಮಾತ್ರ ತಕ್ಕಡಿ ಎರಡು ಸಲ ಎತ್ತಿ ತೋರಿಸುತ್ತಿದ್ದಳು. ಗಂಡ ಬೇಗ ಹೋದ. ಇದ್ದೊಬ್ಬ ಮಗಳನ್ನು ಒಬ್ಬಳೇ ಬೆಳೆಸಿದಳು. ಮಗಳು ಶಾಲೆಯಿಂದ ಬಂದ ತಕ್ಷಣ ಎಲ್ಲಿ, ಯಾರ ಜೊತೆ, ಯಾಕೆ ತಡ ಎಂಬ ಮೂರು ಪ್ರಶ್ನೆ ದಾಟಿಯೇ ಮನೆಯೊಳಗೆ ಕಾಲಿಡಬೇಕಿತ್ತು. ಆ ಮಗಳು ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಹೆಣ್ಣು ಮಗುವಿನ ತಾಯಿ.

ದ್ವೀಪದ ವಿಷಯವನ್ನು ಮಗಳೇ ಬಿಡಿಸಿ ಹೇಳಿದಳು. ಬೆಟ್ಟದ ಮೇಲಿನ ಒಂದು ರೆಸಾರ್ಟಿನಲ್ಲಿ ಅವರಿಗೆ ವರ್ಷಕ್ಕೊಂದು ವಾರ ಉಂಟು. ಒಂದೇ ಮನೆಯನ್ನು ಹಲವು ಕುಟುಂಬ ವಾರದ ಪ್ರಕಾರ ಹಂಚಿಕೊಳ್ಳುವ ಟೈಮ್‌ಶೇರ್ ಲೆಕ್ಕ. ಬೇಕಿದ್ದರೆ ಆ ವಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅವರ ಊರಿನ ವಾರವನ್ನು ತಾವು ತೆಗೆದುಕೊಳ್ಳಬಹುದು. ಈ ಸಲ ಹಾಗೆ ದ್ವೀಪ ಸಿಕ್ಕಿದೆ.

"ಅಲ್ಲ ಕಣೇ, ಅಂಥ ಸಮುದ್ರ ಬಿಟ್ಟು ಅವರು ನಮ್ಮ ಬೋಳು ಬೆಟ್ಟಕ್ಕೆ ಯಾಕೆ ಬರ್ತಾರೆ?"

"ಅವರಿಗೆ ಸಮುದ್ರ ಬೇಜಾರಾಗಿರತ್ತೆ ಅಮ್ಮ."

"ಬೇಜಾರಾಗಿರತ್ತೋ, ಸೂರು ಸೋರ್ತಿರತ್ತೋ."

ಸೂರೇನೂ ಸೋರುತ್ತಿರಲಿಲ್ಲ. ದೋಣಿ ಇಳಿದ ಕೂಡಲೇ ಒಬ್ಬ ಹುಡುಗಿ ಎಳನೀರು ಕೊಟ್ಟಳು, ಇನ್ನೊಬ್ಬಳು ಮಣಿಕಟ್ಟಿಗೆ ನೀಲಿ ಪಟ್ಟಿ ಬಿಗಿದಳು. ಬಿಚ್ಚಲು ಬಾರದ ಆ ಪಟ್ಟಿಯನ್ನು ಚೆಕಿಂಗಮ್ಮ ದಾರಿಯುದ್ದಕ್ಕೂ ಎಳೆದೆಳೆದು ನೋಡಿದಳು. ಮನೆಯೂ ಚೆನ್ನಾಗಿತ್ತು: ಎರಡು ಮಲಗುವ ಕೋಣೆ, ನಡುವೆ ಒಂದು ಹಾಲ್, ಪುಟ್ಟ ಅಡುಗೆಕಟ್ಟೆ, ಕಾಲು ತೊಳೆದು ಒಳಗೆ ಬರಲೆಂದು ಬಾಗಿಲ ಪಕ್ಕದಲ್ಲೊಂದು ನಲ್ಲಿ. ಮಂಚದ ಮೇಲೆ ಟವೆಲನ್ನು ಹಂಸದ ಹಾಗೆ ಮಡಿಚಿಟ್ಟಿದ್ದರು. ಮೊಮ್ಮಗಳು ಪುಟ್ಟಿ ಕುಣಿದಾಡಿದಳು. ಅಜ್ಜಿ ಹಂಸದ ಕುತ್ತಿಗೆ ಬಿಡಿಸಿ, ಕಲೆಯೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದಳು.

ಕಲೆ ಬೇರೆ ಕಡೆ ಕಾಣಿಸಿತು.

ಮೊದಲ ದಿನ ಊಟಕ್ಕೆ ಕೂತಾಗ ಮಗಳು ನೀರಿನ ಲೋಟ ಗಂಡನ ಕಡೆ ಸರಿಸಿದಳು. "ಥ್ಯಾಂಕ್ಸ್" ಎಂದ ಅಳಿಯ. ಆಮೇಲೆ ಅವನು ಅವಳಿಗಾಗಿ ಕುರ್ಚಿ ನೆರಳಿಗೆ ಎಳೆದ. "ಥ್ಯಾಂಕ್ಸ್" ಎಂದಳು ಮಗಳು. ಚೆಕಿಂಗಮ್ಮನ ತುತ್ತು ಅರ್ಧದಲ್ಲೇ ನಿಂತಿತು. ಇದೇ ಜೋಡಿ, ಮನೆಯಲ್ಲಿ ಒದ್ದೆ ಟವೆಲ್ ಎಲ್ಲಿ ಒಣಹಾಕಬೇಕೆಂದು ಬೀದಿಗೆ ಕೇಳುವ ಹಾಗೆ ಕಿತ್ತಾಡುತ್ತಿದ್ದವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಜಗಳದ ಸುಳಿವೇ ಇಲ್ಲ. ಪಕ್ಕದ ಸೀಟಿನ ಅಪರಿಚಿತರ ಹಾಗೆ ಒಬ್ಬರಿಗೊಬ್ಬರು ಮೊಣಕೈ ತಾಗದಂತೆ ಓಡಾಡುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಹಾಲ್‌ನಲ್ಲಿದ್ದ ಸೋಫಾ ಕಣ್ಣಿಗೆ ಬಿತ್ತು. ಹೊದಿಕೆ ಅಚ್ಚುಕಟ್ಟಾಗಿ ಮಡಿಚಿ ಮೂಲೆಯಲ್ಲಿತ್ತು, ಆದರೆ ದಿಂಬಿನಲ್ಲಿ ತಲೆಯಷ್ಟಗಲದ ಗುಳಿ. ಮುಟ್ಟಿ ನೋಡಿದಳು, ಇನ್ನೂ ಬೆಚ್ಚಗಿತ್ತು. ಅದರ ಜೊತೆಗೆ ಅಳಿಯನ ಫೋನು. ಅದು ಗುಂಯ್‌ಗುಟ್ಟಿದರೆ ಸಾಕು, ಅವನು ವರಾಂಡಾ ದಾಟಿ ತೆಂಗಿನ ಮರಗಳ ಸಾಲಿಗೆ ಹೋಗಿ ಬೆನ್ನು ತಿರುಗಿಸಿ ಮಾತಾಡುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಯಾರೋ ಇದ್ದಾಳೆ. ಪಾಪ, ಮಗಳಿಗೆ ಗೊತ್ತಿಲ್ಲ. ಪಾಪಪ್ರಜ್ಞೆಗೆ ಇವನು ಅತ್ತೆಯನ್ನು ದ್ವೀಪಕ್ಕೆ ಕರೆತಂದು ಎಳನೀರು ಕುಡಿಸುತ್ತಿದ್ದಾನೆ.

ಈ ತೀರ್ಮಾನಕ್ಕೆ ಇನ್ನಷ್ಟು ಬಲ ಬಂದದ್ದು ರೆಸಾರ್ಟಿನವರೇ ಕರೆದ ತಿಂಡಿಯಲ್ಲಿ. ಪುಕ್ಕಟೆ ತಿಂಡಿ ಎಂದಾಗಲೇ ಚೆಕಿಂಗಮ್ಮ, "ಗಾಳಕ್ಕೆ ಹುಳ ಸಿಗಿಸಿದ್ದಾರೆ, ಹುಷಾರು" ಎಂದಿದ್ದಳು. ಹಾಗೆಯೇ ಆಯಿತು. ತಟ್ಟೆ ಖಾಲಿಯಾಗುವ ಮೊದಲೇ ಸೇಲ್ಸ್ ಹುಡುಗಿ ಬಂದು, ಇನ್ನೂ ದೊಡ್ಡ ಸದಸ್ಯತ್ವ, ಇನ್ನೂ ಹೆಚ್ಚು ದ್ವೀಪ ಎಂದು ಬಣ್ಣದ ಚಿತ್ರ ಹರಡಿದಳು. ಕೊನೆಗೆ ನಗುತ್ತಾ ಕೇಳಿದಳು: "ಇನ್ನು ಐದು ವರ್ಷ ಆದ್ಮೇಲೆ ನೀವೆಲ್ಲ ಒಟ್ಟಿಗೆ ಎಲ್ಲಿರ್ಬೇಕು ಅಂತ ಆಸೆ, ಹೇಳಿ?"

"ಇಲ್ಲೇ" ಎಂದಳು ಪುಟ್ಟಿ, ಬಾಯಿ ತುಂಬ ಹಣ್ಣು ತುಂಬಿಕೊಂಡು.

ಮಗಳು ನೀರಿಗೆ ಕೈ ಚಾಚಿದಳು. ಅಳಿಯ ಕನ್ನಡಕ ತೆಗೆದು ಒರೆಸತೊಡಗಿದ. ಅದರಲ್ಲಿ ಒಂದು ಚೂರು ಧೂಳೂ ಇರಲಿಲ್ಲ. ಚೆಕಿಂಗಮ್ಮ ಅವನನ್ನೇ ನೋಡುತ್ತಿದ್ದಳು. ಮಗಳ ಕಡೆ ನೋಡಲಿಲ್ಲ.

ಮಾರನೆ ಬೆಳಿಗ್ಗೆ ಫೋನು ಕಿವಿಗಿಟ್ಟುಕೊಂಡು ಅಳಿಯ ದೋಣಿಕಟ್ಟೆಯ ಕಡೆ ನಡೆದಾಗ ಆಕೆ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆಯೇ ಹೊರಟಳು. ಮರಳಿನಲ್ಲಿ ಸಪ್ಪಳವಿಲ್ಲ. ದಡಕ್ಕೆ ಎಳೆದು ಮಗುಚಿ ಹಾಕಿದ್ದ ಒಂದು ದೋಣಿಯ ಮೇಲೆ ಅವನು ಕೂತ. ಆಕೆ ಇನ್ನೊಂದರ ಮರೆಯಲ್ಲಿ ನಿಂತಳು.

"ಎರಡು ರೂಮಿದ್ರೆ ಸಾಕು" ಎನ್ನುತ್ತಿದ್ದ. "ಇಲ್ಲ ಇಲ್ಲ, ನಾನೊಬ್ನೇ ಇರೋದು. ಹುಡುಗಿ ವಾರ ಬಿಟ್ಟು ವಾರ ಬರ್ತಾಳೆ. ಅವಳಿಗೆ ಅಂತ ಒಂದು ರೂಮ್ ಬೇಕು. ಓನರ್‌ಗೆ ಅದನ್ನ ಮೊದಲೇ ಹೇಳಿಬಿಡಿ."

ಚೆಕಿಂಗಮ್ಮನ ಕಿವಿ ಬಿಸಿಯಾಯಿತು. ಬಸ್ಸಿನಲ್ಲಿಯಾದರೆ ಇಂಥ ಹೊತ್ತಿನಲ್ಲಿ ಹೆಗಲ ಮೇಲೆ ಕೈಯಿಡುತ್ತಿದ್ದಳು. ಇಲ್ಲಿ ದೋಣಿ ಸುತ್ತಿ ಬಂದು ಎದುರಿಗೆ ನಿಂತಳು.

"ಯಾವ ಹುಡುಗಿ?"

ಅಳಿಯ ಬೆಚ್ಚಿ ಎದ್ದ. ಆಕೆಯ ಕೈಯಲ್ಲಿದ್ದ ಚಪ್ಪಲಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಕೇಳ್ತಾ ಇರೋದು ನಿಮ್ಮನ್ನೇ. ವಾರ ಬಿಟ್ಟು ವಾರ ಬರೋ ಹುಡುಗಿ ಯಾರು?"

"ಪುಟ್ಟಿ, ಅತ್ತೆ" ಎಂದ ಅವನು. "ನಮ್ಮ ಪುಟ್ಟಿ."

ಅಲೆಯೊಂದು ಬಂದು ಇಬ್ಬರ ಪಾದವನ್ನೂ ನೆನೆಸಿ ಹೋಯಿತು. ಇನ್ನು ಮುಚ್ಚಿಡುವುದೇಕೆ ಎಂದುಕೊಂಡು ಅವನೇ ಹೇಳಿದ. ತಾನೂ ಹೆಂಡತಿಯೂ ಬೇರೆಯಾಗುತ್ತಿದ್ದೇವೆ. ತೀರ್ಮಾನವಾಗಿ ತಿಂಗಳ ಮೇಲಾಯಿತು. ಬೆಟ್ಟದ ವಾರವನ್ನು ಅದಕ್ಕೂ ಮುಂಚೆಯೇ ದ್ವೀಪಕ್ಕೆ ಬದಲಾಯಿಸಿ ಆಗಿತ್ತು, ಪುಟ್ಟಿಗೆ ಸಮುದ್ರ ತೋರಿಸುವ ಮಾತೂ ಕೊಟ್ಟಾಗಿತ್ತು. ಮಾತು ತಪ್ಪುವುದು ಬೇಡ, ಒಂದು ವಾರ ಜಗಳವಿಲ್ಲದೆ ಇರೋಣ, ಕೊನೆಯಲ್ಲಿ ಅವಳಿಗೆ ಮೆಲ್ಲಗೆ ಹೇಳೋಣ ಎಂದುಕೊಂಡರು.

"ನಿಮ್ಮದೇನು ತಪ್ಪು, ಅದನ್ನ ಮೊದಲು ಹೇಳಿ" ಎಂದಳು ಚೆಕಿಂಗಮ್ಮ. ತಪ್ಪು ಅವನದೇ ಎಂಬುದರಲ್ಲಿ ಆಕೆಗೆ ಇನ್ನೂ ಅನುಮಾನವಿರಲಿಲ್ಲ.

"ನಾನು ಕೇಳಿದೆ. ಅವಳು ಹೇಳಿದ್ಳು. ನನಗಿನ್ನೂ ಪೂರ್ತಿ ಅರ್ಥ ಆಗಿಲ್ಲ."

"ಅವಳು ಹೇಳಿದ್ಳಾ? ಹಾಗಾದ್ರೆ ಬಿಟ್ಟು ಹೋಗ್ತಾ ಇರೋದು..."

"ಬೇಡ ಅಂದಿದ್ದು ಅವಳು. ಮನೆ ಖಾಲಿ ಮಾಡ್ತಾ ಇರೋದು ನಾನು. ಪುಟ್ಟಿ ಶಾಲೆ, ಅವಳ ಲ್ಯಾಬು ಎರಡೂ ಅಲ್ಲಿಂದ ಹತ್ತಿರ." ಅವನು ಪ್ಯಾಂಟಿನ ಮರಳು ಕೊಡವಿಕೊಂಡ. "ನಿಮ್ಮನ್ನ ಕರೀಬೇಕು ಅಂದಿದ್ದೂ ಅವಳೇ. ಪುಟ್ಟಿಗೆ ಹೇಳೋವಾಗ ಅಮ್ಮ ಪಕ್ಕದಲ್ಲಿರ್ಲಿ ಅಂದ್ಳು. ತಾನು ಕರೆದ್ರೆ ನೀವು ನೂರೆಂಟು ಕೇಳ್ತೀರ ಅಂತ ನನ್ನ ಕೈಲಿ ಫೋನ್ ಮಾಡಿಸಿದ್ಳು."

ಚೆಕಿಂಗಮ್ಮ ಚಪ್ಪಲಿ ಹಾಕಿಕೊಂಡು ಹೊರಟಳು. ಇಷ್ಟು ದಿನ ಅಳಿಯನ ಮುಖ, ಅಳಿಯನ ಫೋನು, ಅಳಿಯನ ದಿಂಬು ಎಲ್ಲವನ್ನೂ ಜಾಲಾಡಿದ್ದಳು. ದೀಪದ ಬುಡದಲ್ಲೇ ಕತ್ತಲು. ಹೆತ್ತ ಮಗಳ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಮಗಳು ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಳು. ಮೂರು ಯಂತ್ರ ಸಾಲಾಗಿ ನಿಂತು ಗಡಗಡ ಅಲುಗುವ, ಸೋಪಿನ ವಾಸನೆಯ ಕಿರಿದಾದ ಕೋಣೆ. ಪುಟ್ಟಿಯ ಈಜುಡುಗೆ ಹಿಂಡುತ್ತಿದ್ದವಳು ತಾಯಿಯ ಮುಖ ನೋಡಿದ ಕೂಡಲೇ, "ಹೇಳಿಬಿಟ್ರಾ?" ಎಂದಳು.

"ನಾನೇ ಬಾಯಿ ಬಿಡಿಸಿದೆ. ಹೊಡೀತಾನಾ? ಕುಡೀತಾನಾ?"

"ಇಲ್ಲ."

"ಬೇರೆ ಯಾರಾದ್ರೂ ಇದ್ದಾಳಾ?"

"ಇಲ್ಲ ಅಮ್ಮ."

ಮುಂದಿನ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನಿನಗೆ ಯಾರಾದರೂ ಇದ್ದಾರಾ? ಅದನ್ನು ಕೇಳುವ ಮೊದಲೇ ಮಗಳು ತಾಯಿಯ ಮುಖದಲ್ಲಿ ಓದಿಕೊಂಡಳು.

"ನನಗೂ ಯಾರೂ ಇಲ್ಲ. ಅವರು ಒಳ್ಳೆಯವರು. ಆದ್ರೆ ಮನೇಲಿ ನಾನಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ ಅನಿಸಿ ಅನಿಸಿ ಸಾಕಾಯ್ತು. ಒಂದು ವಾರ ಬೇಕು ಅಂತಲೇ ಮಾತಾಡದೆ ಇದ್ದೆ. ಅವರಿಗೆ ಗೊತ್ತೇ ಆಗ್ಲಿಲ್ಲ."

"ಇಷ್ಟೆಲ್ಲ ಆದ್ರೂ ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ?"

"ನೀನು ಕೇಳಿಸಿಕೊಳ್ಳಲ್ಲ ಅಮ್ಮ. ವಿಚಾರಣೆ ಮಾಡ್ತೀಯ. ಈಗ ಮಾಡ್ತಾ ಇದ್ದೀಯಲ್ಲ, ಹಾಗೆ."

ಯಂತ್ರವೊಂದು ಸುತ್ತು ಮುಗಿಸಿ ನಿಂತಿತು. ಚೆಕಿಂಗಮ್ಮನಿಗೆ ಕೇಳಬೇಕಾದದ್ದು ಬುಟ್ಟಿ ತುಂಬ ಇತ್ತು. ಯಾವಾಗಿನಿಂದ, ಮೊದಲು ಯಾರು ಎತ್ತಿದ್ದು, ಹಿರಿಯರ ಮುಂದೆ ಕೂತು ಮಾತಾಡಿದಿರಾ? ಒಂದನ್ನೂ ಕೇಳಲಿಲ್ಲ. ಕೇಳದೆ ಇರುವುದು ಹಲ್ಲುನೋವು ತಡೆದಷ್ಟೇ ಕಷ್ಟವಾಯಿತು. ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಹಿಂಡಿದರು. ಮಗಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದು ಆಗ ಕಾಣಿಸಿತು. ಇಂದು ನಿನ್ನೆಯದಲ್ಲ.

ಹೊರಡುವ ಹಿಂದಿನ ಸಂಜೆ ಪುಟ್ಟಿಗೆ ಹೇಳಿದರು. ಮೆಟ್ಟಿಲ ಮೇಲೆ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಅಜ್ಜಿ ಒಂದು ಮೆಟ್ಟಿಲು ಕೆಳಗೆ. ಅಳಿಯ ಮಾತು ಶುರುಮಾಡಿ ತಡವರಿಸಿದ, ಮಗಳು ಎತ್ತಿಕೊಂಡು ಮುಗಿಸಿದಳು. ಹುಡುಗಿ ಅಳುತ್ತಾಳೆಂದು ಮೂವರೂ ಕಾದರು. ಅವಳು ಅಳಲಿಲ್ಲ, ಅಜ್ಜಿಯದೇ ಕಣ್ಣಿನಲ್ಲಿ ಒಬ್ಬೊಬ್ಬರನ್ನೂ ನೋಡಿದಳು.

"ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಅಜ್ಜಿ ಯಾವ ವಾರ ಬರ್ತಾಳೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದನ್ನು ಅವರು ಯೋಚಿಸಿರಲಿಲ್ಲ.

"ಎರಡೂ ವಾರ" ಎಂದಳು ಚೆಕಿಂಗಮ್ಮ. ಅಳಿಯನ ಕಡೆ ತಿರುಗಿ, "ನಿಮ್ಮ ಅಭ್ಯಂತರ ಏನಾದ್ರೂ ಇದ್ರೆ ಈಗಲೇ ಹೇಳಿ" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಪುಟ್ಟಿ ಅತ್ತಳು. ಸಮುದ್ರಕ್ಕೆ ಹೋಗಿ ಬಂದರೂ ಅಳು ನಿಲ್ಲಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಬಿಕ್ಕುತ್ತಲೇ ನಿದ್ದೆಹೋದಳು.

ಊರಿಗೆ ಬಂದ ಮೇಲೆ ಹೇಳಿದಂತೆಯೇ ಆಯಿತು. ಅಳಿಯ ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ರೂಮಿನ ಮನೆ ಹಿಡಿದ. ಚೆಕಿಂಗಮ್ಮ ಅವನ ವಾರದಲ್ಲಿ ಹೋಗಿ ಮೊಮ್ಮಗಳಿಗೆ ತಲೆ ಬಾಚಿ ಬರುತ್ತಿದ್ದಳು. ಅವನು ಹೊಸದಾಗಿ ಕಲಿತ ಸಾರು ಬಡಿಸುತ್ತಿದ್ದ. ನೀರು ನೀರಾಗಿದ್ದರೂ ಉಂಡು ಬರುತ್ತಿದ್ದಳು. ನೆರೆಯವರು ಏನಾಯಿತು, ಯಾಕಾಯಿತು ಎಂದು ಬೇಲಿಯ ಆಚೆಯಿಂದ ಕತ್ತು ಉದ್ದ ಮಾಡಿದರೆ, "ಅವರಿಬ್ಬರನ್ನೇ ಕೇಳಿ, ನಾನು ರಿಟೈರ್ ಆಗಿದ್ದೀನಿ" ಎನ್ನುತ್ತಿದ್ದಳು. ಮಗಳು ವಾರಕ್ಕೊಮ್ಮೆ ಲ್ಯಾಬಿನಿಂದ ನೇರ ತಾಯಿಯ ಮನೆಗೆ ಬಂದು ಕಾಲು ಚಾಚಿ ಕೂರತೊಡಗಿದಳು. ಕೆಲವು ಸಲ ಏನೂ ಮಾತಾಡುತ್ತಿರಲಿಲ್ಲ, ಕೆಲವು ಸಲ ಕೇಳದೆಯೇ ಬಹಳ ಹೇಳುತ್ತಿದ್ದಳು.

ವರ್ಷ ಕಳೆದ ಮೇಲೆ ಒಂದು ದಿನ ಚೆಕಿಂಗಮ್ಮ ಹೇಳದೆ ಕೇಳದೆ ಮಗಳ ಮನೆಗೆ ಹೋದಳು. ಪುಟ್ಟಿ ಅಪ್ಪನ ಮನೆಯಲ್ಲಿದ್ದ ವಾರ ಅದು. ಮಗಳು ಒಳಗೆ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯ ಸಿಂಕಿನಲ್ಲಿ ಎರಡು ಕಾಫಿ ಲೋಟ ಇದ್ದವು. ಒಂದರಲ್ಲಿ ಸಕ್ಕರೆ ತಳದಲ್ಲಿ ಕರಗದೆ ಉಳಿದಿತ್ತು. ಮಗಳು ಸಕ್ಕರೆ ಬಿಟ್ಟು ಎಷ್ಟೋ ಕಾಲವಾಯಿತು.

ಚೆಕಿಂಗಮ್ಮ ಆ ಲೋಟ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಕಡೆ ಒಮ್ಮೆ ಕತ್ತು ಚಾಚಿದಳು. ಆಮೇಲೆ ನಲ್ಲಿ ತಿರುಗಿಸಿ ಎರಡನ್ನೂ ತೊಳೆದು, ಬಟ್ಟೆಯಲ್ಲಿ ಒರೆಸಿ, ಗೂಡಿನಲ್ಲಿ ಜೋಡಿಸಿಟ್ಟಳು.

"ಯಾವಾಗ ಬಂದೆ ಅಮ್ಮ?" ಎನ್ನುತ್ತಾ ಮಗಳು ತಲೆ ಒರೆಸಿಕೊಂಡು ಹೊರಗೆ ಬಂದಳು. ಖಾಲಿ ಸಿಂಕು ನೋಡಿದಳು, ತಾಯಿಯ ಮುಖ ನೋಡಿದಳು.

"ಈಗಷ್ಟೇ" ಎಂದಳು ಚೆಕಿಂಗಮ್ಮ. "ಕಾಫಿ ಮಾಡ್ಲಾ?"